ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಸುಳ್ಳು ಹೇಳುವವನಿಗೆ ಒಂದು ಅನುಕೂಲವಿದೆ. ತಾನು ಹೇಳುತ್ತಿರುವುದು ಸುಳ್ಳೆಂದು ಅವನಿಗೆ ಗೊತ್ತಿರುತ್ತದೆ. ಆದ್ದರಿಂದ ಸಿಕ್ಕಿಬಿದ್ದಾಗ ಯಾವ ಮುಖ ಮಾಡಬೇಕೆಂದು ಮೊದಲೇ ಯೋಚಿಸಿಟ್ಟುಕೊಂಡಿರುತ್ತಾನೆ. ನನ್ನ ಕಷ್ಟ ಬೇರೆ. ಐದು ವಾರ ನಾನು ನನ್ನ ಹೆಂಡತಿಗೆ ದಿನಕ್ಕೊಂದರಂತೆ ಸುಳ್ಳು ಹೇಳಿದೆ. ಹೇಳಿದ್ದು ಮಾತ್ರವಲ್ಲ, ಬರೆದು ಸಹಿ ಹಾಕಿ ಕೊಟ್ಟೆ. ಆದರೆ ಆಣೆ ಮಾಡಿ ಹೇಳುತ್ತೇನೆ, ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ. ಈ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿನವರೆಗೂ ಯಾರೂ ನಂಬಿಲ್ಲ. ನೀವಾದರೂ ನಂಬುತ್ತೀರೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಮೂವತ್ತೊಂದು ವರ್ಷವಾಯಿತು. ಬೆಳಿಗ್ಗೆ ಐದೂವರೆಗೆ ಹೋದರೆ ಮಧ್ಯಾಹ್ನ ಎರಡಕ್ಕೆ ಬರುತ್ತೇನೆ, ಮತ್ತೆ ಸಂಜೆ ಹೋಗುತ್ತೇನೆ. ಗಲ್ಲಾದಲ್ಲಿ ಕೂತು ಕೂತು ನನ್ನ ಹೊಟ್ಟೆ ಯಾವ ಸ್ಥಿತಿಗೆ ಬಂದಿದೆಯೆಂದರೆ, ಗಲ್ಲಾದ ಡ್ರಾಯರ್ ಎಳೆಯುವ ಮೊದಲು ನಾನು ಉಸಿರು ಒಳಗೆ ಎಳೆದುಕೊಳ್ಳಬೇಕು. ಖಾಯಂ ಗಿರಾಕಿಗಳಿಗೆ ಇದು ಗೊತ್ತಿದೆ. ನಾನು ಉಸಿರೆಳೆದ ತಕ್ಷಣ ಅವರು ಚಿಲ್ಲರೆಗೆ ಕೈ ಚಾಚುತ್ತಾರೆ.

ಹೆಂಡತಿ ವಸಂತಿಗೆ ಐವತ್ತು ವರ್ಷ. ಕಾರ್ಕಳದ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮಾಡಿದವಳು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಇಪ್ಪತ್ತಾರು ವರ್ಷ ಅವಳು ಮಾಡಿದ ವ್ಯಾಯಾಮವೆಂದರೆ ಲಿಫ್ಟಿಲ್ಲದ ಕಟ್ಟಡದ ಮೂರು ಮಾಳಿಗೆ ಹತ್ತುವುದು. ಸೊಂಟನೋವು ಶುರುವಾದಾಗ ನಮ್ಮ ಕಟ್ಟಡದವರ ಸೊಸೈಟಿಯ ಹಾಲಿನಲ್ಲಿ ಬೆಳಿಗ್ಗೆ ನಡೆಯುತ್ತಿದ್ದ ಹೆಂಗಸರ ವ್ಯಾಯಾಮದ ಕ್ಲಾಸಿಗೆ ಸೇರಿದಳು. ಆರು ತಿಂಗಳಲ್ಲಿ ನೋವು ಹೋಯಿತು, ಆಮೇಲೆ ಕಲಿಸುತ್ತಿದ್ದವಳೂ ಹೋದಳು. ಗಂಡನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತಂತೆ. ಮರುದಿನ ವಸಂತಿಯೂ ಸೇರಿ ಹದಿನೇಳು ಹೆಂಗಸರು ಚಾಪೆ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮುಂದಿನ ಸಾಲಿನಲ್ಲಿದ್ದವಳು ವಸಂತಿ. "ವಹಿನಿ, ತುಮ್ಹೀಚ್ ಘ್ಯಾ ನಾ ಕ್ಲಾಸ್" ಎಂದರು ಎಲ್ಲರೂ. ನೀವೇ ತೆಗೆದುಕೊಳ್ಳಿ ಎಂದ ಮೇಲೆ ಅವಳು ತೆಗೆದುಕೊಂಡಳು, ಮತ್ತೆ ಬಿಡಲಿಲ್ಲ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬರ ಕಾಲು ಉಳುಕಿತು. ಉಳುಕಿದ್ದು ಕ್ಲಾಸಿನಲ್ಲಲ್ಲ, ಮುಗಿಸಿ ಮನೆಗೆ ಹೋಗುವಾಗ ಮೆಟ್ಟಿಲಲ್ಲಿ. ಆದರೂ ಸೊಸೈಟಿಯ ಕಮಿಟಿ ಸಭೆ ಸೇರಿತು. ಕಮಿಟಿಗಳಿಗೆ ಸಭೆ ಸೇರಲು ಕಾರಣ ಬೇಕು, ಮೆಟ್ಟಿಲಾದರೂ ಆದೀತು. ಇನ್ನು ಮುಂದೆ ಪರ್ಸನಲ್ ಟ್ರೇನರ್ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಹಾಲ್ ಕೊಡುವುದು, ಗಣಪತಿ ಹಬ್ಬದವರೆಗೆ ಗಡುವು ಎಂದು ನೋಟೀಸ್ ಹಚ್ಚಿದರು. "ಬಿಟ್ಟುಬಿಡು ಮಾರಾಯ್ತಿ, ಈ ವಯಸ್ಸಲ್ಲಿ ಎಂತದಕ್ಕೆ ಪರೀಕ್ಷೆ?" ಎಂದೆ ನಾನು. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಆ ಹಾಲಲ್ಲಿ ಒಂದು ಗಂಟೆ ನಾನು ಹೇಳಿದ್ದನ್ನು ಹದಿನಾರು ಜನ ಕೇಳ್ತಾರೆ. ಈ ಮನೆಯಲ್ಲಿ ಯಾರು ಕೇಳ್ತೀರಿ?" ಎಂದಳು. ಆ ವಾರವೇ ಠಾಣೆಯ ಒಂದು ಸಂಸ್ಥೆಯಲ್ಲಿ ಹೆಸರು ಬರೆಸಿಯಾಯಿತು.

ಮನೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂತು. ವಸಂತಿ ಅದರೊಳಗಿನ ಸ್ನಾಯುಗಳ ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲಿ ಚೀಟಿ ಬರೆದು ಫ್ರಿಜ್ಜಿಗೆ, ಕನ್ನಡಿಗೆ, ದೇವರಕೋಣೆಯ ಬಾಗಿಲಿಗೆ ಅಂಟಿಸಿದಳು. ನಾನು ಪೂಜೆಗೆ ಕೈಮುಗಿಯುವಾಗ ಎದುರಿಗೆ 'ಗ್ಲೂಟಿಯಸ್ ಮ್ಯಾಕ್ಸಿಮಸ್' ಎಂದಿರುತ್ತಿತ್ತು. ಒಂದು ವಾರ ಅದನ್ನು ಭಕ್ತಿಯಿಂದಲೇ ನೋಡಿದೆ. ಅದು ಕುಂಡೆಯ ಹೆಸರೆಂದು ಮಗಳು ಶ್ರದ್ಧಾ ಹೇಳಿದ ಮೇಲೆ ಚೀಟಿಯನ್ನು ಬಚ್ಚಲುಮನೆಗೆ ವರ್ಗಾಯಿಸಿದೆವು. ಚೀಟಿಗಳು ಸಾಲದೆ ಬಂದಾಗ ನಾನಿದ್ದೆ. ಪೇಪರ್ ಓದುತ್ತಿದ್ದರೆ ಹಿಂದಿನಿಂದ ಬಂದು ಭುಜ ಒತ್ತಿ "ಡೆಲ್ಟಾಯ್ಡ್" ಎನ್ನುವಳು. ಕಾಲು ಚಾಚಿದರೆ ಮೀನಖಂಡ ಹಿಡಿದು ಇನ್ನೇನೋ ಎನ್ನುವಳು. ಒಂದು ಭಾನುವಾರ ನನ್ನ ಹೊಟ್ಟೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿ ಪುಸ್ತಕ ನೋಡಿದಳು, ಮತ್ತೆ ಹೊಟ್ಟೆ ನೋಡಿದಳು. "ಇಲ್ಲಿ ಆರು ತುಂಡು ಇರ್ಬೇಕಿತ್ತು. ಪುಸ್ತಕದಲ್ಲಿ ಉಂಟು, ನಿಮ್ಮಲ್ಲಿ ಇಲ್ಲ" ಎಂದಳು. ಶ್ರದ್ಧಾ ಡೊಂಬಿವಲಿಯಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಛೋಡ್ ದೋ. ಪಪ್ಪಾ ಔಟ್ ಆಫ್ ಸಿಲಬಸ್ ಹೈ" ಎಂದಳು.

ಇಷ್ಟಾದರೆ ಸಹಿಸಬಹುದಿತ್ತು. ಪರೀಕ್ಷೆಗೆ ಮೂರು ಭಾಗ. ಲಿಖಿತ ಒಂದು. ಒಬ್ಬ ಕ್ಲೈಂಟನ್ನು ಎಂಟು ವಾರ ತರಬೇತಿ ಮಾಡಿ ಅವನು ತಿಂದದ್ದು, ಮಾಡಿದ್ದು, ಅವನ ತೂಕ ಎಲ್ಲ ಬರೆದ ಡೈರಿ ಎರಡನೆಯದು. ಅದೇ ಕ್ಲೈಂಟನ್ನು ಕರೆದುಕೊಂಡು ಹೋಗಿ ಪರೀಕ್ಷಕರ ಎದುರು ವ್ಯಾಯಾಮ ಮಾಡಿಸುವುದು ಮೂರನೆಯದು. ಕ್ಲಾಸಿನ ಹೆಂಗಸರಲ್ಲಿ ಒಬ್ಬರನ್ನು ಆರಿಸಿದರೆ ಉಳಿದ ಹದಿನೈದು ಮಂದಿಗೆ ಬೇಸರವಾಗುತ್ತದೆ. ಹಾಗಾಗಿ ಕ್ಲೈಂಟ್ ನಾನಾದೆ.

ದಿನವೂ ರಾತ್ರಿ ಮಲಗುವ ಮೊದಲು ಡೈರಿಯಲ್ಲಿ ನಾನೇ ಕೈಯಾರೆ ಬರೆದು ಸಹಿ ಹಾಕುತ್ತಿದ್ದೆ. ಬೆಳಿಗ್ಗೆ ಎರಡು ಇಡ್ಲಿ, ಸಕ್ಕರೆಯಿಲ್ಲದ ಚಾ. ಮಧ್ಯಾಹ್ನ ಎರಡು ಚಪಾತಿ, ಪಲ್ಯ, ಮಜ್ಜಿಗೆ. ರಾತ್ರಿ ಅದೇ. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಸಂಜೆ ಹೋಟೆಲಿಗೆ ಹೋಗುವ ಮೊದಲು ನಲವತ್ತು ನಿಮಿಷ ಅವಳು ಹೇಳಿದಂತೆ ಕೂತೆ, ಎದ್ದೆ, ಬಾಗಿದೆ, ಗೋಡೆ ತಳ್ಳಿದೆ. ಮೂರು ವಾರವಾದ ಮೇಲೆ ತೂಕ ನೋಡಿದರೆ ಇದ್ದಲ್ಲೇ ಇತ್ತು. ವಸಂತಿ ಪುಸ್ತಕ ತೆಗೆದು ವ್ಯಾಯಾಮ ಬದಲಾಯಿಸಿದಳು. ನಾಲ್ಕನೆಯ ವಾರ ಕಾಲು ಕಿಲೋ ಏರಿತು. ಅವಳು ಎರಡು ಚಪಾತಿಯನ್ನು ಒಂದೂವರೆ ಮಾಡಿದಳು. ಐದನೆಯ ವಾರ ಮತ್ತೆ ಕಾಲು ಕಿಲೋ ಏರಿತು.

ಆ ದಿನ ಅವಳು ತೂಕದ ಯಂತ್ರವನ್ನು ಮಂಚದಡಿಗೆ ತಳ್ಳಿ, ಫ್ರಿಜ್ಜಿನ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕೀಳತೊಡಗಿದಳು. "ನಂಗೆ ಇದು ಆಗುದಿಲ್ಲ. ಗಂಡನ ಒಂದು ಹೊಟ್ಟೆ ಇಳಿಸ್ಲಿಕ್ಕೆ ಆಗದವಳು ಹದಿನಾರು ಜನಕ್ಕೆ ಎಂತ ಹೇಳಿಕೊಡುದು? ನಾಳೆ ಸೊಸೈಟಿ ಸೆಕ್ರೆಟರಿಗೆ ಹಾಲಿನ ಬೀಗದ ಕೈ ವಾಪಸ್ ಕೊಡ್ತೇನೆ" ಎಂದಳು. ಅತ್ತರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ನಾನು ಇಷ್ಟು ಪ್ರಾಮಾಣಿಕನಾಗಿದ್ದರೂ ಈ ಹಾಳು ಮೈ ಅವಳಿಗೆ ಮೋಸ ಮಾಡುತ್ತಿದೆಯಲ್ಲ ಎಂದು ನನ್ನ ಮೈಯ ಮೇಲೆ ನನಗೇ ಸಿಟ್ಟು ಬಂತು. "ಪುಸ್ತಕದಲ್ಲೇ ಏನೋ ತಪ್ಪಿರಬೇಕು" ಎಂದು ಧೈರ್ಯ ಹೇಳಿದೆ.

ಶ್ರದ್ಧಾ ಮಾತ್ರ ಮೊಬೈಲಿನಿಂದ ತಲೆಯೆತ್ತದೆ, "ಮಮ್ಮಿ, ಏಕ್ ಬಾರ್ ಹೋಟೆಲ್ ಜಾಕೆ ದೇಖ್ ಲೋ ನಾ" ಎಂದಳು. ಒಮ್ಮೆ ಹೋಟೆಲಿಗೇ ಹೋಗಿ ನೋಡಬಾರದೇ ಎಂದು.

ಮರುದಿನ ಬೆಳಿಗ್ಗೆ ಆರಕ್ಕೆ ವಸಂತಿ ಹೋಟೆಲಿಗೆ ಬಂದು ಗಲ್ಲಾದ ಹಿಂದಿನ ಮೇಜಿನಲ್ಲಿ ನೋಟ್‌ಬುಕ್ ಹಿಡಿದು ಕೂತಳು. ಒಳಗಿನಿಂದ ನಮ್ಮ ಅಡುಗೆಯ ವಾದಿರಾಜ ಭಟ್ಟರು ಎಂದಿನಂತೆ ಸೌಟು ಹಿಡಿದು ಬಂದರು. "ಅಣ್ಣ, ಸಾಂಬಾರ್ ಒಂಚೂರು ನೋಡಿ. ಹುಳಿ ಸಾಕಾ?" ನಾನು ಎಂದಿನಂತೆ ಅಂಗೈ ಚಾಚಿದೆ. ಸಾಕು ಎಂದೆ. ಆಮೇಲೆ ಚಟ್ನಿ ಬಂತು. ಉಪ್ಪಿಟ್ಟು ಬಂತು. ಮೊದಲ ಒಬ್ಬೆಯ ವಡೆ ಗರಿಯಾಗಿದೆಯೇ ಎಂದು ನೋಡಲು ಒಂದು ಬಂತು. ಎರಡನೆಯ ಒಬ್ಬೆಯದು ಮೊದಲಿನಂತೆಯೇ ಇದೆಯೇ ಎಂದು ನೋಡಲು ಇನ್ನೊಂದು ಬಂತು. ಹೋಟೆಲಿನವನು ರುಚಿ ನೋಡದೆ ಪದಾರ್ಥ ಹೊರಗೆ ಬಿಟ್ಟರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ. ಇದು ನನ್ನ ಕೆಲಸ, ಬ್ಯಾಂಕಿನವನು ನೋಟು ಎಣಿಸಿದ ಹಾಗೆ. ನೋಟು ಎಣಿಸಿದವನು ಶ್ರೀಮಂತನಾದನೆಂದು ಯಾರಾದರೂ ಹೇಳುತ್ತಾರೆಯೇ?

ಹತ್ತು ಗಂಟೆಗೆ ವಸಂತಿ ನನ್ನನ್ನು ಕರೆದು ಓದಿದಳು. ಸಾಂಬಾರ್ ಏಳು ಸಲ. ಚಟ್ನಿ ಐದು. ಉಪ್ಪಿಟ್ಟು ಎರಡು ಚಮಚ, ಆಮೇಲೆ ಗೋಡಂಬಿ ಕಂಡಿತೆಂದು ಮೂರನೆಯದು. ವಡೆ ಮೂರು. ಮಸಾಲೆದೋಸೆಯ ಪಲ್ಯ ಒಂದು ಮುದ್ದೆ. ಗೋಳಿಬಜೆ ನಾಲ್ಕು.

"ಇದೆಲ್ಲ ಎಂತ?"

"ರುಚಿ ನೋಡಿದ್ದು."

"ಬಾಯಿಗೆ ಹಾಕಿದ್ದಾ?"

"ಹೌದು."

"ನುಂಗಿದ್ದಾ?"

"ಮತ್ತೆ? ಉಗುಳ್ಲಿಕ್ಕೆ ಆಗ್ತದಾ ಗಿರಾಕಿಗಳ ಎದುರು?"

"ಹಾಗಾದ್ರೆ ಅದು ತಿಂದದ್ದು," ಎಂದಳು ವಸಂತಿ.

ಇದು ನನಗೆ ನಿಜಕ್ಕೂ ಹೊಸ ವಿಷಯವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ನಾನು ಹಾಗೆ ಯೋಚಿಸಿರಲಿಲ್ಲ. ತಿನ್ನುವುದೆಂದರೆ ತಟ್ಟೆ ಬೇಕು, ಕೂರಬೇಕು, ಕೊನೆಗೆ ಕೈ ತೊಳೆಯಬೇಕು. ನಿಂತುಕೊಂಡು ಅಂಗೈಯಲ್ಲಿ ನೆಕ್ಕಿದ್ದು ಹೇಗೆ ಊಟವಾಗುತ್ತದೆ?  ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ, ಐದು ವಾರದಲ್ಲಿ ಮೊದಲ ಬಾರಿಗೆ ನಕ್ಕಳು. "ಅಂದ್ರೆ ನನ್ನ ವ್ಯಾಯಾಮ ಸರಿ ಉಂಟು!" ಎಂದು ಭಟ್ಟರಿಗೆ ಕೇಳುವಷ್ಟು ಜೋರಾಗಿ ಹೇಳಿದಳು. ಆ ಮೇಲೆ ಭಟ್ಟರಿಗೆ ಒಂದು ಔಷಧಿಯ ಚಮಚ ಕೊಟ್ಟು, ಇನ್ನು ರುಚಿ ಇದರಲ್ಲಿ ಮಾತ್ರ, ವಡೆಯಾದರೆ ಕಾಲು ಭಾಗ ಎಂದು ಅಪ್ಪಣೆ ಮಾಡಿದಳು. ಭಟ್ಟರು ಆ ಚಮಚವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಹುಳಿ ಗೊತ್ತಾಗುದಿಲ್ಲ ಅತ್ತಿಗೆ, ಕೆಮ್ಮು ಬೇಕಾದ್ರೆ ಹೋಗ್ಬಹುದು" ಎಂದರು. ಏನೇ ಆದರೂ ಮನೆಯ ಫ್ರಿಜ್ಜಿನ ಮೇಲೆ ಚೀಟಿಗಳು ವಾಪಸ್ ಬಂದವು, ಡೈರಿ ಬರೆಯುವ ಕೆಲಸ ವಸಂತಿಯ ಕೈಗೆ ಹೋಯಿತು. ಎಂಟನೆಯ ವಾರದ ಕೊನೆಗೆ ಎರಡು ಕಿಲೋ ಇಳಿದಿದ್ದೆ. ಡ್ರಾಯರ್ ಅರ್ಧ ಉಸಿರಿನಲ್ಲೇ ತೆರೆಯತೊಡಗಿತು.

ಲಿಖಿತ ಪರೀಕ್ಷೆ ಠಾಣೆಯಲ್ಲಿ ಮುಗಿದು ವಸಂತಿ ಪಾಸಾದಳು. ಕೊನೆಯ ಭಾಗ ಖಾರಘರದಲ್ಲಿ. ಬೆಳಿಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್ ರೈಲು ಹಿಡಿದು ಹೋದೆವು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಎದುರಿಗೆ ಕೂತ ಅಜ್ಜಿ ಸ್ತೋತ್ರವೆಂದು ತಿಳಿದು ಕೈಮುಗಿದರು. ಪರೀಕ್ಷೆಯ ಜಾಗದಲ್ಲಿ ಅಭ್ಯರ್ಥಿಗಳನ್ನು ಒಳಗೆ ಕರೆದುಕೊಂಡು, ಕ್ಲೈಂಟುಗಳು ಒಂದು ಗಂಟೆ ಬಿಟ್ಟು ಬನ್ನಿ ಎಂದರು. ವಸಂತಿ ಬಾಗಿಲಲ್ಲಿ ತಿರುಗಿ, "ಎಲ್ಲಿಗೂ ಹೋಗ್ಬೇಡಿ" ಎಂದಳು. ನಾನು ಎಲ್ಲಿಗೂ ಹೋಗಲಿಲ್ಲ. ರಸ್ತೆಯ ಆಚೆ ಬದಿಗೆ ಹೋದೆ, ಅಷ್ಟೇ.

ಅಲ್ಲೊಂದು ಉಡುಪಿ ಹೋಟೆಲಿತ್ತು. ನಮ್ಮ ಕಸುಬಿನವರಿಗೆ ಬೇರೆಯವರ ಹೋಟೆಲ್ ಕಂಡರೆ ಒಳಗೆ ಇಣುಕದೆ ಇರಲಾಗುವುದಿಲ್ಲ. ಗಲ್ಲಾದ ಪಕ್ಕದಲ್ಲಿ ಪೈನಾಪಲ್ ಶೀರಾದ ಪಾತ್ರೆಯಿಂದ ಹಬೆ ಏಳುತ್ತಿತ್ತು. ಬರೇ ಒಂದು ಚಾ ಹೇಳಿದೆ. ಮಾಲೀಕ ನನ್ನ ಮಾತು ಕೇಳಿ, "ಊರು ಎಲ್ಲಿ ನಿಮ್ಮದು?" ಎಂದ. ಕುಂದಾಪುರ ಎಂದೆ. ಅವನದೂ ಅದೇ ಕಡೆ. ಡೊಂಬಿವಲಿಯಲ್ಲಿ ಮ್ಯಾನೇಜರ್ ಎಂದೆ. ಮುಗಿಯಿತು. "ಅಣ್ಣ, ನೀವು ಮೂವತ್ತು ವರ್ಷದ ಸರ್ವಿಸಿನವರು. ನಮ್ಮ ಸಾಂಬಾರ್ ಹೇಗುಂಟು ಒಮ್ಮೆ ಹೇಳಿ" ಎಂದು ಎರಡು ಇಡ್ಲಿ, ಒಂದು ವಡೆ ತಂದಿಟ್ಟ. ಹೀಗೆ ಕೇಳಿದವನಿಗೆ ಇಲ್ಲವೆಂದರೆ ಅವನ ಅಡುಗೆಯನ್ನು ಬೈದ ಹಾಗೆ. ಸಾಂಬಾರಿಗೆ ಕೊತ್ತಂಬರಿ ಬೀಜ ಸ್ವಲ್ಪ ಹೆಚ್ಚು ಹುರಿದಿದ್ದರು. ಅದನ್ನು ಹೇಳಲು ತಟ್ಟೆ ಖಾಲಿಯಾಗುವವರೆಗೆ ತಿನ್ನಬೇಕಾಯಿತು.

ಪರೀಕ್ಷಕಿ ಮರಾಠಿ ಹೆಂಗಸು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಡೈರಿಯ ಪುಟ ತಿರುವಿ, ವಸಂತಿಯ ಕಡೆ ನೋಡದೆ ನನ್ನ ಕಡೆ ನೋಡಿ, "ಕಾಕಾ, ಸಕಾಳ್‌ಪಾಸೂನ್ ಕಾಯ್ ಖಾಲ್ಲಂ?" ಎಂದರು. ಬೆಳಿಗ್ಗೆಯಿಂದ ಏನು ತಿಂದಿದ್ದೀರಿ? ಮನೆಯಲ್ಲಿ ತಿಂದ ಒಂದು ಬಾಳೆಹಣ್ಣು ಮಾತ್ರ ಎಂದರೆ ವಸಂತಿ ಡೈರಿಯಲ್ಲಿ ಬರೆದದ್ದಕ್ಕೆ ಸರಿಹೊಂದುತ್ತದೆ. ನಿಜ ಹೇಳಿದರೆ ಗಂಡನನ್ನೇ ಹಿಡಿತದಲ್ಲಿಡಲಾಗದ ಟ್ರೇನರ್ ಎಂದು ಫೇಲ್ ಮಾಡಿದರೆ? ಹದಿನಾರು ಚಾಪೆಗಳು ಕಣ್ಣಿಗೆ ಬಂದವು. ಆದರೆ ಮತ್ತೆ ಸುಳ್ಳು ಬರೆಸಲು ಮನಸ್ಸಾಗಲಿಲ್ಲ. ಬಾಳೆಹಣ್ಣು, ಎರಡು ಇಡ್ಲಿ, ಒಂದು ವಡೆ, ಸಾಂಬಾರ್, ಚಾ, ಈಗಷ್ಟೇ, ಎದುರಿನ ಹೋಟೆಲಿನಲ್ಲಿ ಎಂದೆ.

ವಸಂತಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಸಿಟ್ಟೆಂದುಕೊಂಡೆ. ಆಮೇಲೆ ಡೈರಿ ತೆಗೆದುಕೊಂಡು ಏನೋ ಬರೆದಳು, ನಾನು ಹೇಳಿದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ. "ಹೊಟ್ಟೆ ತುಂಬಿದೆ, ಆದ್ದರಿಂದ ಇವತ್ತು ಮಲಗಿ ಬಾಗುವ ವ್ಯಾಯಾಮ ಬೇಡ" ಎಂದು ತನ್ನ ಡೊಂಬಿವಲಿ ಮರಾಠಿಯಲ್ಲಿ ಪರೀಕ್ಷಕಿಗೆ ಹೇಳಿ, ತಯಾರಿ ಮಾಡಿಕೊಂಡು ಬಂದದ್ದನ್ನೆಲ್ಲ ಬದಿಗಿಟ್ಟು, ನನ್ನನ್ನು ನಿಧಾನ ನಡೆಸಿದಳು, ಗೋಡೆ ತಳ್ಳಿಸಿದಳು, ಕುರ್ಚಿಯಿಂದ ಏಳಿಸಿ ಕೂರಿಸಿದಳು. ಅವಳ ದನಿ ಒಮ್ಮೆಯೂ ನಡುಗಲಿಲ್ಲ. ಮನೆಯಲ್ಲಿ ನಾನು ಈ ದನಿಯನ್ನು ಕೇಳಿರಲಿಲ್ಲ, ಅಥವಾ ಕೇಳಿಸಿಕೊಂಡಿರಲಿಲ್ಲ. ಹದಿನಾರು ಜನ ಯಾಕೆ ಇವಳ ಮಾತು ಕೇಳುತ್ತಾರೆಂದು ನನಗೆ ಅಲ್ಲಿ ಗೊತ್ತಾಯಿತು.

ಅವಳು ಪಾಸಾದಳು. ಗಣಪತಿಗೆ ಇನ್ನೂ ಹನ್ನೆರಡು ದಿನವಿತ್ತು. ವಾಪಸ್ ಬರುವಾಗ ಲೋಕಲಿನಲ್ಲಿ ನಾನು ಎದೆಯುಬ್ಬಿಸಿಯೇ ಕೂತಿದ್ದೆ. "ನೋಡಿದ್ಯಾ? ನಾನು ನಿಜ ಹೇಳಿದ್ದಕ್ಕೇ ನಿಂಗೆ ಸರ್ಟಿಫಿಕೇಟ್ ಸಿಕ್ಕಿದ್ದು" ಎಂದೆ. ಅವಳು ಡೈರಿಯ ಕೊನೆಯ ಪುಟ ತೆರೆದು ನನ್ನ ಮಡಿಲಿಗಿಟ್ಟಳು. ನಾನು ಹೇಳಿದ್ದೆಲ್ಲ ಸಾಲಾಗಿ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: 'ಪೈನಾಪಲ್ ಶೀರಾ. ಕ್ಲೈಂಟ್ ಹೇಳಲಿಲ್ಲ. ಮೀಸೆಯಲ್ಲಿ ಇದೆ.' ನಾನು ಹೊರಗೆ ಬಂದ ಮೇಲೆ, ಕನ್ನಡದಲ್ಲಿ ಏನು ಬರೆದಿದ್ದೀರೆಂದು ಪರೀಕ್ಷಕಿ ಕೇಳಿ ತಿಳಿದುಕೊಂಡು, ಆ ಸಾಲಿನ ಅಡಿಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು 'ಉತ್ತಮ' ಎಂದು ಷರಾ ಹಾಕಿದ್ದರು.

ನಿಮಗೂ ನಾನು ಶೀರಾದ ವಿಷಯ ಹೇಳಿರಲಿಲ್ಲ, ಅಲ್ಲವೇ? ಬೇಕೆಂದು ಮುಚ್ಚಿಟ್ಟದ್ದಲ್ಲ. ಅದನ್ನು ನಾನು ತಿನ್ನಲಿಲ್ಲ, ಬರೇ ರುಚಿ ನೋಡಿದ್ದು.