ಬೀಗರೂಟಕ್ಕೆ ಗೆರೆ ಎಳೆದ ಚಿಕ್ಕಪ್ಪ

ನೀವು ನಂಬುವುದಿಲ್ಲ, ನನಗೆ ಗೊತ್ತು. ಆದರೂ ಹೇಳಿಬಿಡುತ್ತೇನೆ: ಮದ್ದೂರು ಪೇಟೆ ಕಂಡ ಮೊಟ್ಟಮೊದಲ ಕಂಪ್ಯೂಟರು ನಾನೇ! ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪಾಸು ಮಾಡಿಸಪ್ಪಾ ಎಂದು ಊರಿನ ಎಲ್ಲ ದೇವರಿಗೂ ಒಂದೇ ತೆಂಗಿನಕಾಯಿಯ ಹರಕೆ ಹೊತ್ತಿರುವ, ಪಡುವಲಕಾಯಿಯಂತೆ ಬೆಳೆದಿರುವ ಈ ನನ್ನನ್ನು ಕಂಪ್ಯೂಟರು ಮಾಡಿದ ಮಹಾನುಭಾವ ನಮ್ಮ ಚಿಕ್ಕಪ್ಪ. ಹಲ್ಲುಜ್ಜುವುದಕ್ಕೂ ನಕ್ಷೆ ಬರೆಯುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಅವನ ಜೊತೆ ಒಂದೇ ಬಚ್ಚಲು ಬಳಸುತ್ತೇನೆ.

ಮಂಡ್ಯದಲ್ಲಿ ಬಿ.ಇ. ಮುಗಿಸಿದ ಚಿಕ್ಕಪ್ಪ ಮುಂದೆ ಓದುತ್ತೇನೆಂದು ಬೆಂಗಳೂರಿನ ವಿಶ್ವವಿದ್ಯಾಲಯ ಸೇರಿದ. ಏನು ಓದುತ್ತೀಯಪ್ಪ ಎಂದರೆ ಕಂಪ್ಯೂಟರು ಅನ್ನುತ್ತಿದ್ದ. ಕಂಪ್ಯೂಟರು ಮಾಡುವುದನ್ನೋ ಎಂದರೆ, ಅಲ್ಲ. ರಿಪೇರಿಯೋ? ಅದೂ ಅಲ್ಲ. ಕಂಪ್ಯೂಟರಿನ ಕೆಲಸ ಮಾಡುವವರು ಯಾವ ಕೆಲಸ ಮೊದಲು ಮಾಡಬೇಕು, ಯಾವುದು ಆಮೇಲೆ, ಯಾವುದು ಎಷ್ಟು ಹೊತ್ತಿನಲ್ಲಿ ಮುಗಿಯಬೇಕು ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ವಿದ್ಯೆಯಂತೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಅಂಗಾರೆ ಮೇಸ್ತ್ರಿ ಕೆಲ್ಸ ಅನ್ನು, ಅದ್ಕೆ ಬೆಂಗ್ಳೂರಿಗ್ಯಾಕೆ ಓದೆ?” ಎಂದಳು. ಚಿಕ್ಕಪ್ಪ ಎರಡು ದಿನ ಅಜ್ಜಿಯ ಜೊತೆ ಮಾತು ಬಿಟ್ಟ. ಅಜ್ಜಿಗೆ ಅದು ಗೊತ್ತಾಗಲಿಲ್ಲ.

ಈ ವಿದ್ಯೆಯಲ್ಲಿ ದುಂಡಗೆ ಸೊನ್ನೆ ಬರೆದು, ಸೊನ್ನೆಯಿಂದ ಸೊನ್ನೆಗೆ ಬಾಣ ಎಳೆಯುತ್ತಾರೆ. ಒಂದೊಂದು ಬಾಣವೂ ಒಂದೊಂದು ಕೆಲಸ. ಬಾಣದ ಕೆಳಗೆ ಅದಕ್ಕೆ ಹಿಡಿಯುವ ಹೊತ್ತು. ಸ್ವಲ್ಪವೂ ತಡ ಮಾಡಬಾರದ ಕೆಲಸಗಳ ಸಾಲಿಗೆ ಕೆಂಪು ಪೆನ್ಸಿಲು. ರಜೆಗೆ ಬಂದಾಗ ಚಿಕ್ಕಪ್ಪ ತನ್ನ ಬೆಳಗಿನ ನಕ್ಷೆ ಬರೆದ: ಹಂಡೆಯ ನೀರು ಕಾಯುವಷ್ಟರಲ್ಲಿ ಹಲ್ಲುಜ್ಜುವುದು, ಹಲ್ಲುಜ್ಜುತ್ತಲೇ ಷರ್ಟಿನ ಗುಂಡಿ ಹಾಕಿಕೊಳ್ಳುವುದು. ಹೀಗೆ ಮಾಡಿದರೆ ಮಂಡ್ಯದ ಬಸ್ಸಿಗೆ ಮೊದಲು ಧಾರಾಳವಾಗಿ ಸಮಯ ಉಳಿಯುತ್ತದೆ ಎಂದು ಸಾಧಿಸಿ ತೋರಿಸಿದ. ಸಾಧಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು.

ನಗಬೇಡಿ, ಪಾಪ. ಹೋದ ವರ್ಷ ಅವನು ಈ ವಿಷಯದಲ್ಲೇ ಫೇಲಾಗಿದ್ದ. ಸೊನ್ನೆ, ಬಾಣ ಎಲ್ಲ ಲಕ್ಷಣವಾಗಿವೆ, ಆದರೆ ನೀನು ಜೀವಮಾನದಲ್ಲಿ ಒಂದು ಕೆಲಸವನ್ನಾದರೂ ಹೀಗೆ ನಡೆಸಿ ಮುಗಿಸಿದ್ದೀಯಾ ಎಂದು ಅವರ ಮೇಷ್ಟ್ರು ಕೇಳಿದರಂತೆ. ಈ ಸಲ ನಿಜವಾದ ಒಂದು ಕೆಲಸವನ್ನು ನಕ್ಷೆ ಹಾಕಿ, ಹೇಳಿದ ಹೊತ್ತಿಗೆ ಮುಗಿಸಿ, ಅದನ್ನು ಬರೆದುಕೊಟ್ಟರೆ ಮಾತ್ರ ಪಾಸು. ಇತ್ತ ಅಪ್ಪ ಬೇರೆ ಒಂದೇ ಮಾತು ಹೇಳಿದ್ದ: ಇದೂ ಹೋದರೆ ಓದು ಸಾಕು, ಊರಿಗೆ ಬಂದು ಕಬ್ಬಿನ ಗದ್ದೆ ನೋಡಿಕೊ. ಅಪ್ಪನಿಗೂ ಚಿಕ್ಕಪ್ಪನಿಗೂ ಹದಿನೈದು ವರ್ಷದ ಅಂತರ. ಅಜ್ಜ ತೀರಿಕೊಂಡಾಗ ಚಿಕ್ಕಪ್ಪ ಚಡ್ಡಿಯಲ್ಲಿದ್ದ. ಆದ್ದರಿಂದ ಅಪ್ಪ ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

ಅಷ್ಟರಲ್ಲಿ ಅಕ್ಕನ ಮದುವೆಯಾಯಿತು. ಗಂಡಿನ ಕಡೆಯವರು ಮಳವಳ್ಳಿಯವರು. ನಮ್ಮ ಕಡೆ ಮದುವೆಯಾದರೆ ಸಾಲದು, ಆಮೇಲೆ ಬೀಗರೂಟ ಹಾಕಬೇಕು. ಮದುವೆಯಲ್ಲಿ ಪಾಯಸ ಉಂಡು ಮುಖ ಸಪ್ಪೆ ಮಾಡಿಕೊಂಡವರೆಲ್ಲ ಅವತ್ತು ಮುದ್ದೆ ಬಾಡು ಉಂಡು ಮನುಷ್ಯರಾಗುತ್ತಾರೆ. ಚಿಕ್ಕಪ್ಪ ಎದ್ದು ನಿಂತು, ಬೀಗರೂಟ ಪೂರ್ತಿ ನನಗೆ ಬಿಡಿ ಎಂದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಆಗಲಿ ಎಂದ.

ನಾನು ಕಂಪ್ಯೂಟರಾದದ್ದು ಈಗ. ಬೆಂಗಳೂರಿನಲ್ಲಿ ಕಂಪ್ಯೂಟರು ಒಂದು ತಣ್ಣನೆ ಕೋಣೆಯಲ್ಲಿ ಇರುತ್ತದಂತೆ. ಹುಡುಗರು ತೂತು ಹಾಕಿದ ಕಾರ್ಡುಗಳನ್ನು ಕಿಟಕಿಯಲ್ಲಿ ಕೊಟ್ಟು ಹೋಗಬೇಕು, ಮಾರನೆಯ ದಿನ ಉತ್ತರ ಬರುತ್ತದೆ. ನಮ್ಮ ಮನೆಯಲ್ಲಿ ತಣ್ಣಗಿದ್ದದ್ದು ರಾಗಿ ಚೀಲದ ಕೋಣೆ ಒಂದೇ. ಚಿಕ್ಕಪ್ಪ ನನ್ನನ್ನು ಅಲ್ಲಿ ಕೂರಿಸಿದ. ಮಿಕ್ಕಿದ್ದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಗೋಣಿಸೂಜಿಯಲ್ಲಿ ತೂತು ಹಾಕಿ, ಒಂದೊಂದೇ ಕಿಟಕಿಯಲ್ಲಿ ತೂರಿಸುತ್ತಿದ್ದ. ನಾನು ತೂತು ಎಣಿಸಿ, ಯಾವ ಕೆಲಸದ ಹಿಂದೆ ಯಾವುದು ಎಂದು ಸಾಲಾಗಿ ಬರೆದು ಹೊರಗೆ ಎಸೆಯಬೇಕು. ಕಂಪ್ಯೂಟರು ಮಾತಾಡಕೂಡದು, ಕೆರೆದುಕೊಳ್ಳಕೂಡದು. ರಾಗಿ ಚೀಲದ ಕೋಣೆಯಲ್ಲಿ ಕೆರೆದುಕೊಳ್ಳದೆ ಕೂತು ನೋಡಿ, ಆಮೇಲೆ ವಿಜ್ಞಾನದ ಬಗ್ಗೆ ಮಾತಾಡಿ!

ನನ್ನ ಮೊದಲ ಉತ್ತರ: ಸಾರು ಕುದಿಸುವುದು, ನಂತರ ಮರಿ ಕೊಯ್ಯುವುದು.

ಬೇರೆ ಯಾರಾದರೂ ಆಗಿದ್ದರೆ ತಲೆಗೆ ಮೊಟಕುತ್ತಿದ್ದರು. ಚಿಕ್ಕಪ್ಪ ಗಂಭೀರವಾಗಿ, “ಕಂಪ್ಯೂಟ್ರು ತಪ್ಪು ಮಾಡಲ್ಲ ಕಣ್ಲಾ. ಕಾರ್ಡು ಕೊಟ್ಟೋನ್ದೇ ತಪ್ಪು” ಎಂದು ತಾನೇ ತಿದ್ದಿಕೊಂಡ. ಈ ಮಾತು ನನಗೆ ಬಹಳ ಹಿಡಿಸಿತು. ಗಣಿತದ ಟೆಸ್ಟಿನಲ್ಲಿ ನನಗೆ ಐದು ಅಂಕ ಬಂದಾಗ ಮೇಷ್ಟ್ರಿಗೂ ಹೇಳಿದೆ: ಸಾರ್, ಉತ್ತರ ಕೊಟ್ಟವನದಲ್ಲ, ಪ್ರಶ್ನೆ ಕೊಟ್ಟವರದ್ದೇ ತಪ್ಪು. ಆ ಕಿವಿಯಲ್ಲಿ ನನಗೆ ಈಗಲೂ ಸ್ವಲ್ಪ ಕಡಿಮೆ ಕೇಳಿಸುತ್ತದೆ.

ಅಂತೂ ನಕ್ಷೆ ಮುಗಿಯಿತು. ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಮೈದಾ ಅಂಟಿನಲ್ಲಿ ಜೋಡಿಸಿ ಕೋಣೆಯ ಗೋಡೆ ತುಂಬ ಮೆತ್ತಿದ್ದ. ಬಂದವರಿಗೆಲ್ಲ ನಾನೇ ಕೋಲು ಹಿಡಿದು ವಿವರಿಸಿದೆ. ಅರ್ಧ ನನಗೇ ಅರ್ಥವಾಗಿರಲಿಲ್ಲ, ಆ ಅರ್ಧವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮರಿ ಕೊಯ್ಯುವುದರಿಂದ ಎಲೆ ಹಾಸುವವರೆಗೆ ಎಲ್ಲಕ್ಕೂ ಬಾಣ, ಎಲ್ಲ ಬಾಣಕ್ಕೂ ಒಂದು ಹೆಸರು. ಹನ್ನೆರಡೂವರೆಗೆ ಬೀಗರು ನಾವು ಕಳಿಸಿದ ವ್ಯಾನಿನಿಂದ ಇಳಿಯುತ್ತಾರೆ, ಅದೇ ಗಳಿಗೆಗೆ ಮುದ್ದೆ ಕಟ್ಟಿ ಮುಗಿಯುತ್ತದೆ. ಯಾವ ಕಾರ್ಯದಲ್ಲೂ ಹುಲ್ಲುಕಡ್ಡಿ ಎತ್ತಿಡದೆ ಚಪ್ಪರದಡಿ ಎಲೆಅಡಿಕೆ ಜಗಿಯುತ್ತ ಕೂರುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರಲ್ಲ, ಅವರನ್ನೂ ಚಿಕ್ಕಪ್ಪ ಬಿಡಲಿಲ್ಲ. ಒಬ್ಬರಿಗೆ ನೀರು, ಒಬ್ಬರಿಗೆ ಸೌದೆ, ಒಬ್ಬರಿಗೆ ಈರುಳ್ಳಿ. ದೊಡ್ಡ ಮಾವ ಐವತ್ತು ವರ್ಷದಲ್ಲಿ ಮೊದಲ ಸಲ ಈರುಳ್ಳಿ ಸುಲಿದು, ಅಕ್ಕನನ್ನು ಕಳಿಸಿಕೊಡುವಾಗ ಅಳದವರು ಬೀಗರೂಟದ ದಿನ ಅತ್ತರು.

ಎಲ್ಲವೂ ನಕ್ಷೆಯಂತೆಯೇ ನಡೆಯಿತು ಸ್ವಾಮಿ! ಹೇಳಿದ ಹೊತ್ತಿಗೆ ಸಾರು ಕುದಿಯಿತು. ಹೇಳಿದ ಹೊತ್ತಿಗೆ ಎಲೆ ಹಾಸಿದ್ದಾಯಿತು. ಹನ್ನೆರಡೂವರೆಗೆ ಬಿಸಿ ಮುದ್ದೆಗಳು ಬುಟ್ಟಿಯಲ್ಲಿ ಹೊಗೆಯಾಡುತ್ತ ಕೂತವು, ಬೀದಿಯಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಚಿಕ್ಕಪ್ಪ ಗಡಿಯಾರ ನೋಡಿ ಕಣ್ಣು ಮುಚ್ಚಿಕೊಂಡ. ಅಂಥ ಸುಖದ ಮುಖವನ್ನು ನಾನು ನೋಡಿರಲಿಲ್ಲ.

ವ್ಯಾನಿನಿಂದ ಡ್ರೈವರ್ ಬಾಷಣ್ಣ ಇಳಿದ. ಅವನ ಹಿಂದೆ ಯಾರೂ ಇಳಿಯಲಿಲ್ಲ.

ಬೀಗರೆಲ್ಲ ರೇಷ್ಮೆ ಸೀರೆ ಉಟ್ಟು, ಪಂಚೆ ಉಟ್ಟು ಜಗಲಿ ಮೇಲೆ ಸಿದ್ಧವಾಗಿಯೇ ಕೂತಿದ್ದರಂತೆ. ಇವನು ಹತ್ತಿ ಎಂದರೆ ಹತ್ತಲಿಲ್ಲವಂತೆ. “ಕರಿಯಾಕೆ ಮನೆಯೋರ್ಯಾರು ಬಂದವ್ರೆ ಅಂದ್ರು. ನಾನೇ ಬಂದಿವ್ನಲ್ಲ ಅಂದೆ. ಡ್ರೈವರ್ ಕರುದ್ರೆ ಬಂದ್ಬುಡಾಕೆ ನಾವೇನು ಬಾಡು ಕಾಣ್ದೋರಾ ಅಂದ್ಬುಟ್ರು ಬುದ್ಧಿ” ಎಂದ ಬಾಷಣ್ಣ.

ನಮ್ಮವರ ಪದ್ಧತಿ ನಿಮಗೆ ಗೊತ್ತಲ್ಲ? ಪತ್ರಿಕೆ ಕೊಟ್ಟಿರಲಿ, ದಿನ ಹೇಳಿರಲಿ, ವ್ಯಾನೇ ಕಳಿಸಿರಲಿ. ಅವತ್ತು ಬೆಳಗ್ಗೆ ಮನೆಯವರೊಬ್ಬರು ಬಾಗಿಲಿಗೆ ಹೋಗಿ ‘ಏಳಿ, ಬನ್ನಿ’ ಅನ್ನುವ ತನಕ ಬೀಗರು ಹೊಸಲು ದಾಟುವುದಿಲ್ಲ. ಇದು ಯಾರಿಗೆ ತಿಳಿಯದು? ಆದರೆ ಇದನ್ನು ಯಾವ ಕಾರ್ಯದಲ್ಲೂ ಯಾರಿಗೂ ವಹಿಸಿದ್ದಿಲ್ಲ. ಕೆಲಸವಿಲ್ಲದೆ ಕೂತವರು ಯಾರೋ ತಾವಾಗಿ ಟವಲ್ಲು ಕೊಡವಿಕೊಂಡು ಹೊರಟುಬಿಡುತ್ತಿದ್ದರು. ಚಿಕ್ಕಪ್ಪನ ನಕ್ಷೆಯಲ್ಲಿ ಕೆಲಸವಿಲ್ಲದೆ ಕೂತವರೇ ಇರಲಿಲ್ಲ! ಮಾವ ಹೋಗಿರುತ್ತಾರೆ ಎಂದು ಅವ್ವ ಅಂದುಕೊಂಡಿದ್ದಳು. ಮಾವ ಈರುಳ್ಳಿ ಬುಟ್ಟಿ ತೋರಿಸಿದರು.

ಚಿಕ್ಕಪ್ಪ ನನ್ನನ್ನೂ ಎಳೆದುಕೊಂಡು ಓಡಿ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡ. ರಾಗಿ ಚೀಲದ ಮೇಲೆ ನನ್ನ ಪಕ್ಕ ಕುಸಿದು, ಒಂದು ಕಾರ್ಡು ತೆಗೆದು ನನ್ನ ಕೈಗಿಟ್ಟ. ಅದರಲ್ಲಿ ಒಂದೂ ತೂತಿರಲಿಲ್ಲ. ಈಗ ಏನು ಮಾಡೋದು ಹೇಳೋ ಎಂದ. ನಾನು ಎಂಥ ಬಾಯಿಬಡುಕ ಎಂದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿದೆ. ಅಂಥ ನಾನು ಕಾರ್ಡನ್ನು ತಿರುಗಿಸಿ ತಿರುಗಿಸಿ ತೂತು ಹುಡುಕಿದೆ. ಕಬ್ಬಿನ ಗದ್ದೆ ನಮ್ಮಿಬ್ಬರ ಕಣ್ಣ ಮುಂದೆಯೇ ಇತ್ತು.

ಆಗ ಬಾಗಿಲು ತಳ್ಳಿಕೊಂಡು ಅಪ್ಪ ಬಂದ. ಅಲ್ಲಿಗೆ ಮುಗಿಯಿತು ನಮ್ಮ ಕಥೆ.

ಅಪ್ಪ ಬೈಯಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಗೋಡೆಯ ನಕ್ಷೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಬೆರಳಿಟ್ಟು ಒಂದೊಂದೇ ಹೆಸರು ಓದಿದ.

“ಊರೋರ್ನೆಲ್ಲ ಹಾಕಿದ್ದೀಯ. ನಾನೆಲ್ಲಿದ್ದೀನ್ಲಾ ಇದ್ರಲ್ಲಿ?”

“ನಿನ್ನ ಹಾಕಿಲ್ಲ ಅಣ್ಣ.”

“ಅದ್ಕೇ ಕೇಳ್ದೆ. ಬೆಳಗ್ಗಿಂದ ಜಗಲಿ ಮೇಲೆ ಕುಂತಿವ್ನಿ. ಈ ಹುಡ್ಗ ಓದ್ದೋನಾದ, ಅಣ್ಣ ಬೇಕಾಗಿಲ್ಲ ಇವ್ನಿಗೆ ಅನ್ಕಂಡೆ.”

ಚಿಕ್ಕಪ್ಪ ತಲೆ ಎತ್ತಲಿಲ್ಲ. “ಅಪ್ಪ ತೀರ್ಕಂಡ ಮ್ಯಾಲೆ ಈ ಮನೇಲಿ ಎಷ್ಟು ಕಾರ್ಯ ಆಗೈತೆ. ನೀನು ಮೊದ್ಲನೇ ಪಂಕ್ತೀಲಿ ಕುಂತು ಉಂಡಿದ್ನ ನಾನು ಒಂದಿನಾನೂ ನೋಡಿಲ್ಲ ಅಣ್ಣ. ಇವತ್ತೊಂದಿನ ಸುಮ್ಕೆ ಕುಂತ್ಕಂಡು ಬಿಸಿ ಮುದ್ದೆ ಉಣ್ಲಿ ಅಂತ ಬುಟ್ಟೆ.”

ಹೊರಗೆ ಯಾರೋ ಮುದ್ದೆ ಆರುತ್ತಿದೆ ಎಂದು ಕೂಗುತ್ತಿದ್ದರು. ಅಪ್ಪ ಆ ಕಡೆ ತಿರುಗಲೂ ಇಲ್ಲ. ಹೆಗಲ ಟವಲ್ಲು ತೆಗೆದು ಮುಖ ಒರೆಸಿಕೊಂಡು, ಮತ್ತೆ ಹೆಗಲಿಗೆ ಹಾಕಿಕೊಂಡ. ಚೀಲದ ಮೇಲಿದ್ದ ಕೆಂಪು ಪೆನ್ಸಿಲನ್ನು ಎತ್ತಿ ತಮ್ಮನ ಕೈಗೆ ಕೊಟ್ಟ.

“ಬರ್ಕೊ. ಬೀಗ್ರನ್ನ ಕರ್ಯಾಕ್ ಓಗಾದು, ಹೆಸ್ರು ಅಣ್ಣ ಅಂತ. ನಿಮ್ ಮೇಷ್ಟ್ರಿಗೆ ಇದ್ನೂ ಸೇರ್ಸಿ ಕೊಡು.”

ಚಿಕ್ಕಪ್ಪ ಬಾಣ ಎಳೆದ. ಬಾಣದ ಕೆಳಗೆ ಎಷ್ಟು ಹೊತ್ತು ಎಂದು ಬರೆಯಬೇಕಲ್ಲ, ಅಭ್ಯಾಸಬಲ, ಕಣ್ಣೊರೆಸಿಕೊಳ್ಳುತ್ತಲೇ ಕೇಳಿಬಿಟ್ಟ.

“ಅವ್ರು ಬಯ್ದು ಮುಗ್ಸೋ ಗಂಟ” ಎಂದ ಅಪ್ಪ, ತಮ್ಮನ ರಟ್ಟೆ ಹಿಡಿದು ಎಬ್ಬಿಸುತ್ತ. “ಎದ್ದೇಳು. ಅದ್ಕೆ ಇಬ್ರು ಬೇಕು.”