ಮೆಲುಕು ಹಾಕದ ಕುದುರೆ

ದನದ ಡಾಕ್ಟರ ಹತ್ತಿರ ದನಗಳು ಮಾತ್ರ ಬರುತ್ತವೆ ಎಂದು ನಂಬಿ ಕೆಲಸಕ್ಕೆ ಸೇರಿದವನು ನಾನು. ಕೊಪ್ಪ, ಶೃಂಗೇರಿ ಸುತ್ತಿದ ಇಷ್ಟು ವರ್ಷದಲ್ಲಿ ಆ ನಂಬಿಕೆ ಎಷ್ಟೋ ಸಲ ಮಣ್ಣುಪಾಲಾಗಿದೆ. ಕಳೆದ ವರ್ಷ ಅಡ್ಡಗದ್ದೆಯ ಕೃಷಿಕರೊಬ್ಬರು ಮನೆಗೆ ಒಂದು ಕುಳ್ಳ ಕುದುರೆ ತಂದರು. ಕಾಲೇಜಿನ ಪರೀಕ್ಷೆ ಮುಗಿದ ಮೇಲೆ ನಾನು ಕುದುರೆ ಮುಟ್ಟಿದವನೇ ಅಲ್ಲ.

ಗೋಡೆಯ ಗೆರೆ

ಜೀಪು ಹತ್ತದ ಗುಡ್ಡಕ್ಕೆ ಗೊಬ್ಬರ ಹೊರಿಸಲು ಉತ್ತರದ ಕುರಿಗಾಹಿಗಳಿಂದ ತಂದದ್ದಂತೆ. ತಿಂಗಳಾದ ಮೇಲೆ ಫೋನ್ ಬಂತು: ಕುದುರೆಮರಿ ಒಂದಿಂಚೂ ಬೆಳೆದಿಲ್ಲ, ಟಾನಿಕ್ ಬೇಕು. ಹೋಗಿ ನೋಡಿದರೆ ಪ್ರತಿ ಸೋಮವಾರ ಅದರ ಎತ್ತರವನ್ನು ಕೊಟ್ಟಿಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ನಾಲ್ಕು ವಾರದ ಗೆರೆಯೂ ಒಂದರ ಮೇಲೊಂದು ಬಿದ್ದು ದಪ್ಪವಾಗಿತ್ತು.

ಬಾಯಿ ಬಿಡಿಸಿ ಹಲ್ಲು ನೋಡಿದೆ. ಹನ್ನೆರಡು ವರ್ಷ ದಾಟಿತ್ತು. ಇದು ಭೀಮ್‌ಥಡಿ ತಳಿ, ಮಹಾರಾಷ್ಟ್ರದ ಭೀಮಾ ನದಿ ಕಡೆಯದು, ಇದರ ಎತ್ತರವೇ ಇಷ್ಟು ಎಂದೆ.

ಅವರು ಗೆರೆಯನ್ನೇ ನೋಡುತ್ತಾ, "ಹಂಗಾದ್ರೆ ನಾನು ದಿನಾ ಹಾಲು ಕುಡಿಸಿದ್ದು ಅಜ್ಜಂಗಾ?" ಅಂದರು.

ಕಿವಿ ಪರೀಕ್ಷೆ

ಅವರ ಭಾವ ಬೇಗಾರಿನವರು. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಬಂದು, ಅಸಲಿ ಕುದುರೆಯ ಕಿವಿತುದಿ ಒಂದಕ್ಕೊಂದು ತಾಗಬೇಕು, ಇದು ನಕಲಿ ಎಂದು ತೀರ್ಪು ಕೊಟ್ಟುಬಿಟ್ಟರು. ಯಜಮಾನರ ಮುಖ ಬಾಡಿತು. ನನ್ನನ್ನು ಕರೆಸಿದರು.

ಕಿವಿ ತಾಗುವುದು ಗುಜರಾತಿನ ಕಾಠಿಯಾವಾಡಿ, ಹಿಮದ ಗುಡ್ಡ ಹತ್ತುವುದು ಲಡಾಖಿನ ಝನ್‌ಸ್ಕಾರಿ, ಪೋಲೋ ಆಡುವುದು ಮಣಿಪುರದ ಕುದುರೆ. ಇದು ಕುರಿಮಂದೆಯ ಜೊತೆ ಪಾತ್ರೆ, ಕಂಬಳಿ ಹೊತ್ತು ನಡೆದ ಜಾತಿ ಎಂದು ಬಿಡಿಸಿ ಹೇಳಿದೆ. ಹಿಂದಿನ ರಾತ್ರಿ ಓದಿಕೊಂಡು ಹೋಗಿದ್ದೆ ಎಂದು ಮಾತ್ರ ಹೇಳಲಿಲ್ಲ.

ಹಾಗಾದರೆ ಹೊರಲಿ ನೋಡುವ ಎಂದರು ಭಾವ. ಚೀಲ ಹೊರಿಸಿದರೆ ಕುದುರೆ ಒಂದು ಹೆಜ್ಜೆಯೂ ಇಡಲಿಲ್ಲ. ಮಂದೆಯ ಹಿಂದೆ ನಡೆದು ಅಭ್ಯಾಸ, ಮುಂದೆ ಯಾರಾದರೂ ಬೇಕೇನೋ ಎಂದೆ. ಭಾವ ಬಿಳಿ ಪಂಚೆ ಎತ್ತಿ ಕಟ್ಟಿ ಮುಂದೆ ಹೊರಟರು, ಕುದುರೆ ಹಿಂದೆಯೇ ಹೊರಟಿತು. ಹೀಗೇ ಎಷ್ಟೋ ಸಲ ಹತ್ತಿ ಇಳಿದು, ಸಂಜೆಯೊಳಗೆ ಗೊಬ್ಬರವೆಲ್ಲ ಗುಡ್ಡದ ಮೇಲಿತ್ತು. ಇಳಿಯಲಾರದೆ ಭಾವನೂ ಅಲ್ಲೇ ಇದ್ದರು.

ದವಡೆ

ಯಜಮಾನರ ತಾಯಿ ಅಷ್ಟು ದಿನ ನರಸಿಂಹರಾಜಪುರದ ಮಗಳ ಮನೆಯಲ್ಲಿದ್ದರು. ಅವರು ವಾಪಸ್ಸಾದ ಮೂರನೇ ಬೆಳಿಗ್ಗೆ ಫೋನ್ ಬಂತು. ಕುದುರೆ ಉಳಿಯುವುದಿಲ್ಲ, ಅಮ್ಮ ಊಟ ಬಿಟ್ಟಿದ್ದಾರೆ, ಬೇಗ ಬನ್ನಿ ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಹೊಟ್ಟೆನೋವೇ ಇರಬೇಕು ಎಂದುಕೊಂಡು ಹೊರಟೆ. ಕುದುರೆಯ ಹೊಟ್ಟೆನೋವು ಅಂದರೆ ಪ್ರಾಣಕ್ಕೇ ಬರುವಂಥದ್ದು, ನನಗೋ ಅನುಭವ ಸೊನ್ನೆ.

ಕುದುರೆ ಹುಲ್ಲು ತಿನ್ನುತ್ತಿತ್ತು. ಅದರೆದುರು ಮಣೆ ಹಾಕಿ ಕೂತ ಅಮ್ಮನ ಕಣ್ಣು ಕೆಂಪಾಗಿತ್ತು. ಎಂತ ಆಯ್ತು ಎಂದು ಕೇಳಿದೆ.

"ಎರಡು ದಿನದಿಂದ ನೋಡ್ತಿದ್ದೀನಿ, ಒಂದು ಸಲವೂ ಮೆಲುಕು ಹಾಕಿಲ್ಲ. ಮೆಲುಕು ಬಿಟ್ಟ ಜೀವ ಉಳೀತದಾ ಮಾರಾಯ್ರೇ?"

ನನಗೆ ಹೋದ ಜೀವ ಬಂದ ಹಾಗಾಯಿತು. ಕುದುರೆ ಪಾಠದಲ್ಲಿ ಮರೆಯದೆ ಉಳಿದಿದ್ದ ಒಂದೇ ಸಾಲು ಅದು: ಕುದುರೆ ಹುಟ್ಟಿದಾಗಿನಿಂದ ಸಾಯುವವರೆಗೂ ಮೆಲುಕು ಹಾಕುವುದಿಲ್ಲ. ಹೇಳಿದೆ. ಯಜಮಾನರು ಕಂಬಕ್ಕೆ ಒರಗಿ ಉಸಿರು ಬಿಟ್ಟರು.

ಅಮ್ಮ ಮಾತ್ರ ಕೆನ್ನೆ ಹಿಡಿದುಕೊಂಡರು. ಕುದುರೆ ನೋಡಿ ಕಲಿಯಲಿ ಎಂದು ಎರಡು ದಿನ ಅದರೆದುರು ಕೂತು ಎಲೆ-ಅಡಿಕೆ ಜಗಿದೇ ಜಗಿದಿದ್ದರಂತೆ. ದವಡೆ ಸೋತುಹೋಗಿತ್ತು. ಅದಕ್ಕೊಂದು ಮುಲಾಮು ಕೊಡಿ ಅಂದರು. ನಾನು ದನದ ಡಾಕ್ಟರ್, ಮನುಷ್ಯರಿಗೆ ಕೊಡುವ ಹಾಗಿಲ್ಲ ಎಂದೆ.

"ಎರಡು ದಿನ ನಾನು ಮಾಡಿದ್ದು ದನದ ಕೆಲಸವೇ ಅಲ್ದಾ? ಅಡ್ಡಿಲ್ಲ, ಕೊಡಿ."