ನಡೆಯುವ ಜೀವಕೋಶ, ಕುಂಟುವ ಸೋದರಮಾವ

ದೇಹದ ಯಾವ ಅಂಗವೂ ತಾನಾಗಿ ಬಾಯಿಬಿಟ್ಟು ಕೂಗುವವರೆಗೆ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನಂತೂ ಐವತ್ತು ದಾಟಿದ ಮೇಲೂ ನನ್ನ ದೇಹದಲ್ಲಿ ಬಾಯಿಯೊಂದೇ ಮುಖ್ಯ, ಉಳಿದವೆಲ್ಲ ಅದನ್ನು ಊರಿಂದೂರಿಗೆ ಹೊತ್ತು ತಿರುಗುವ ಆಳುಕಾಳುಗಳು ಎಂದೇ ನಂಬಿದ್ದವನು. ಹೊಸದುರ್ಗದ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವುದು ಆ ಬಾಯಿಯ ಸಂಬಳದ ಕೆಲಸ. ನೆಂಟರಿಷ್ಟರ ಮಕ್ಕಳ ಮದುವೆ ಮಾತುಕತೆ ನಡೆಸುವುದು ಅದರ ಸಮಾಜಸೇವೆ. ಎರಡರಲ್ಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೇಳುವವರು ಆಕಳಿಸುತ್ತಾರೆ, ಸ್ವಲ್ಪ ಒಗ್ಗರಣೆ ಬಿದ್ದರೆ ಎದ್ದು ಕೂರುತ್ತಾರೆ. ಒಗ್ಗರಣೆ ಸುಳ್ಳಲ್ಲ, ರುಚಿ. ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಗಿರಿಜಳ ಅಭಿಪ್ರಾಯ ಬೇರೆ ಇದೆ, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಹೀಗಿರುವಾಗ ಒಂದು ದಿನ ಬೆಳಗ್ಗೆ ನನ್ನ ಬಲಗಾಲಿನ ಹೆಬ್ಬೆರಳು ಕೂಗಿತು. ಕೂಗಿತು ಎಂದರೆ ಕಡಿಮೆಯಾಯಿತು, ಬೊಬ್ಬೆ ಹೊಡೆಯಿತು. ಎದ್ದು ನೋಡಿದರೆ ಟೊಮೆಟೊ ಹಣ್ಣಿನ ಹಾಗೆ ಕೆಂಪಗೆ, ಮಿರಮಿರ ಮಿಂಚುತ್ತಾ ಊದಿಕೊಂಡಿದೆ. ಹೊದಿಕೆ ತಾಗಿದರೆ ಪ್ರಾಣ ಹೋಗುತ್ತದೆ. ಹೊದಿಕೆ ತೆಗೆದರೆ ಫ್ಯಾನಿನ ಗಾಳಿ ತಾಗಿ ಪ್ರಾಣ ಹೋಗುತ್ತದೆ. "ಚೇಳು ಕಡಿದೈತೆ ಕಣೇ!" ಎಂದು ಚೀರಿದೆ. ಗಿರಿಜ ಮಂಚದ ಕೆಳಗೆಲ್ಲ ಪೊರಕೆ ಆಡಿಸಿ, "ಚೇಳೂ ಇಲ್ಲ, ಗೀಳೂ ಇಲ್ಲ. ಹೋದ ಕಡೆಯೆಲ್ಲ ಹೋಳಿಗೆ ಮೇಲೆ ಹೋಳಿಗೆ ತಿಂದ್ರೆ ಬೆರಳಾದ್ರೂ ಏನು ಮಾಡೀತು?" ಎಂದಳು. ಹೋಳಿಗೆ ಹೋಗುವುದು ಹೊಟ್ಟೆಗೆ, ಬೆರಳಿಗಲ್ಲ ಎಂದು ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡಾಕ್ಟರು ನೋಡಿದವರೇ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟಿದೆ, ಇದಕ್ಕೆ ಗೌಟು ಎನ್ನುತ್ತಾರೆ ಎಂದರು. "ಹಿಂದೆ ಇದು ರಾಜಮಹಾರಾಜರಿಗೆ ಬರ್ತಿದ್ದ ಕಾಯಿಲೆ ಸಾರ್" ಎಂದೂ ಸೇರಿಸಿದರು. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಗೌರವ ಬೇಕೆ? ಆ ಸಂತೋಷದಲ್ಲಿ, ಒಂದು ಪುಟ್ಟ ಮಾತ್ರೆಯನ್ನು ಬರೆದುಕೊಡುತ್ತಾ ಅವರು ಹೊಟ್ಟೆಯ ವಿಚಾರವಾಗಿ ಹೇಳಿದ ಎಚ್ಚರಿಕೆ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ನನ್ನ ಚಿಂತೆ ಬೇರೆಯೇ ಇತ್ತು. ಆ ಭಾನುವಾರ ನಾವು ಹೊಳಲ್ಕೆರೆಗೆ ಹೋಗಬೇಕಿತ್ತು. ಶ್ರೀರಾಂಪುರದಲ್ಲಿರುವ ನನ್ನ ಅಕ್ಕನ ಮಗಳು ವೀಣಾಗೆ ಅಲ್ಲಿಂದ ಸಂಬಂಧ ಬಂದಿತ್ತು. ಹುಡುಗ ಮಂಜುನಾಥ ಹಿರಿಯೂರಿನಲ್ಲಿ ತೋಟಗಾರಿಕೆ ಇಲಾಖೆ ನೌಕರ. ಅವನ ತಂದೆ ರುದ್ರಪ್ಪನವರದು ಹೊಳಲ್ಕೆರೆಯಲ್ಲಿ ಪೈಪು, ಪಂಪಿನ ಅಂಗಡಿ. ಅವರು ಶ್ರೀರಾಂಪುರಕ್ಕೆ ಬಂದು ಹುಡುಗಿ ನೋಡಿ ಒಪ್ಪಿಗೆಯೂ ಆಗಿತ್ತು. ಅವತ್ತು "ಹುಡುಗಿ ಏನು ಮಾಡ್ತಾಳೆ?" ಎಂದು ಅವರು ಕೇಳಿದಾಗ ವೀಣಾ, "ಮೈಸೂರಲ್ಲಿ ರಿಸರ್ಚು. ಜೀವಕೋಶಗಳು ಹೇಗೆ ನಡೀತವೆ ಅಂತ..." ಎಂದು ಶುರುಮಾಡಿದಳು. ರುದ್ರಪ್ಪನವರ ಹುಬ್ಬು ಮೇಲೇರಿದ್ದನ್ನು ಕಂಡು ನಾನು ನಡುವೆ ಬಾಯಿ ಹಾಕಿ, "ಮೆಡಿಕಲ್ ಲೈನು ಅನ್ಕಳ್ರಿ. ಬರೋ ವರ್ಷ ಹೆಸರಿನ ಮುಂದೆ ಡಾಕ್ಟರ್ ಅಂತ ಬರ್ತದೆ" ಎಂದೆ. ಇದರಲ್ಲಿ ಸುಳ್ಳು ಯಾವುದು, ನೀವೇ ಹೇಳಿ. ಹುಬ್ಬು ಇಳಿಯಿತು, ಉಪ್ಪಿಟ್ಟು ಬಂತು, ಕೆಲಸ ಹಣ್ಣಾಯಿತು. ವೀಣಾ ಮಾತ್ರ ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ.

ಈಗ ಹುಡುಗನ ಮನೆ ನೋಡಲು ನಮ್ಮ ಸರದಿ. "ನನ್ನನ್ನ ಅವರು ಬಂದು ನೋಡಿದ್ರಲ್ಲ, ನಾನೂ ಹೋಗಿ ನೋಡ್ತೀನಿ" ಎಂದು ವೀಣಾ ತಾನೂ ಹೊರಟಿದ್ದಳು. ಬಾಡಿಗೆ ಕಾರಿನ ಮುಂದೆ ಭಾವ, ಹಿಂದೆ ಅಕ್ಕ, ವೀಣಾ, ನಾನು. ಒಂದು ಕಾಲಿಗೆ ಷೂ, ಇನ್ನೊಂದಕ್ಕೆ ಗಿರಿಜಳ ಹಳೆಯ ಹವಾಯಿ ಚಪ್ಪಲಿ. ಊರು ದಾಟುತ್ತಿದ್ದಂತೆ ವೀಣಾ, "ಮಾವ, ಇವತ್ತು ಅವರಿಗೆ ನಾನು ಏನು ಮಾಡ್ತೀನಿ ಅಂತ ಸರಿಯಾಗಿ ಹೇಳ್ಬೇಕು. ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ" ಎಂದಳು.

"ನಂಗೇ ಗೊತ್ತಿಲ್ವಲ್ಲ ತಾಯಿ."

"ನಿಮ್ಮ ಹೆಬ್ಬೆರಳಲ್ಲಿ ನಡೀತಿರೋದೇ ನನ್ನ ಸಬ್ಜೆಕ್ಟು" ಎಂದಳು. ನನ್ನ ಬೆರಳಿಗೆ ಇಂಥ ಶೈಕ್ಷಣಿಕ ಮಹತ್ವ ಇರಬಹುದೆಂದು ನನಗೆ ತಿಳಿದಿರಲಿಲ್ಲ. ಕುತೂಹಲದಿಂದ ಕೇಳಿದೆ. ಕೀಲಿನಲ್ಲಿ ಹರಳು ಕೂತಿದೆಯಲ್ಲ, ಅದರ ಕಾಟಕ್ಕೆ ಅಲ್ಲಿನ ಜೀವಕೋಶಗಳು ಒಂದು ರಾಸಾಯನಿಕ ಬಿಡುತ್ತವಂತೆ. ಅಡುಗೆಮನೆಯ ಒಗ್ಗರಣೆ ಘಮ ಬೀದಿಗೆ ಬರುವ ಹಾಗೆ ಅದು ಸುತ್ತ ಹರಡುತ್ತದೆ. ರಕ್ತದಲ್ಲಿರುವ ಬಿಳಿಯ ಕಣಗಳು ಆ ವಾಸನೆ ಹಿಡಿದು ಬೆರಳಿಗೆ ಮುತ್ತಿಗೆ ಹಾಕುತ್ತವೆ. ಊತವೂ ಉರಿಯೂ ಅದರ ಫಲ.

"ಅವಕ್ಕೆ ಮೂಗು ಎಲ್ಲಿರ್ತದೆ?" ಎಂದೆ.

"ಮೈಯೆಲ್ಲಾ ಮೂಗೇ ಮಾವ. ಯಾವ ಪಕ್ಕಕ್ಕೆ ವಾಸನೆ ಜಾಸ್ತಿ ಬಡಿಯುತ್ತೋ ಆ ಪಕ್ಕವೇ ಮುಖ ಆಗುತ್ತೆ."

ಕಾಲು? ಕಾಲಿಲ್ಲ. ಒಳಗೆ ಸಣ್ಣ ಸಣ್ಣ ಎಳೆಗಳ ಒಂದು ಹಂದರ ಇದೆಯಂತೆ, ಅದೇ ಅದರ ಅಸ್ಥಿಪಂಜರ. ಆದರೆ ನಮ್ಮ ಮೂಳೆಯ ಹಾಗೆ ಒಮ್ಮೆ ಕಟ್ಟಿದರೆ ಮುಗಿಯಿತು ಅಂತಿಲ್ಲ. ಮುಂದೆ ಹೊಸ ಎಳೆ ಬೆಳೆಸಿ ಹೊರಪೊರೆಯನ್ನು ತಳ್ಳುವುದು, ಹಿಂದಿನದನ್ನು ಬಿಚ್ಚುವುದು, ಉಳಿದ ಮೈಯನ್ನು ಬಿಗಿಹಿಡಿದು ಎಳೆದುಕೊಳ್ಳುವುದು. ಬಿಚ್ಚಿದ್ದೇ ಮತ್ತೆ ಮುಂದಕ್ಕೆ ಸಾಮಾನು. ನಾನು ಉತ್ಸಾಹದಿಂದ, "ದಂಡು ಹೊರಟಾಗ ಡೇರೆ ಕಿತ್ತು ಮುಂದೆ ಹೂಡ್ತಾರಲ್ಲ, ಹಂಗೆ!" ಎಂದೆ.

"ದಂಡಿಗೆ ದಳವಾಯಿ ಇರ್ತಾನೆ ಮಾವ. ಇಲ್ಲಿ ಯಾರೂ ಇಲ್ಲ."

"ಮತ್ತೆ ಆ ಎಳೆಗಳಿಗೆ ಇಲ್ಲಿ ಕಟ್ಟು, ಅಲ್ಲಿ ಬಿಚ್ಚು ಅಂತ ಹೇಳೋರು ಯಾರು?"

"ಅದನ್ನೇ ನಾನು ಹುಡುಕ್ತಿರೋದು" ಎಂದು ಅವಳು ನಕ್ಕಳು. ಇಷ್ಟು ವರ್ಷದಲ್ಲಿ ಅವಳ ಓದಿನ ಬಗ್ಗೆ ನಾನು ಕೇಳಿದ ಮೊದಲ ನೆಟ್ಟಗಿನ ಪ್ರಶ್ನೆ ಅದೇ ಇರಬೇಕು. ಡಾಕ್ಟರು ಕೊಟ್ಟ ಮಾತ್ರೆಯ ಕೆಲಸವೂ ಅಲ್ಲೇ ಅಂತೆ: ಒಂದು ಜಾತಿಯ ಎಳೆ ಬೆಳೆಯದಂತೆ ತಡೆಯುತ್ತದೆ, ಬಿಳಿಯ ಕಣಗಳ ಆಟ ಕುಗ್ಗುತ್ತದೆ. "ಆದ್ರೆ ಆ ಎಳೆ ಎಲ್ಲಾ ಜೀವಕೋಶದಲ್ಲೂ ಇರ್ತವಲ್ಲ. ಹೊಟ್ಟೆ, ಕರುಳಿನವು ಬೇಗ ಮುನಿಸ್ಕೊಳ್ತವೆ. ಡಾಕ್ಟರು ಹೇಳಿರ್ಬೇಕಲ್ಲ?" ಎಂದಳು. ಹೇಳಿದ್ದು ಈಗ ತಲೆಗೆ ಹೋಯಿತು. ಅದೇ ಹೊತ್ತಿಗೆ ಹೊಟ್ಟೆಯೊಳಗೆ ದೂರದಲ್ಲಿ ಎಲ್ಲೋ ಗುಡುಗಿದ ಹಾಗಾಯಿತು.

ರುದ್ರಪ್ಪನವರ ಮನೆಯಲ್ಲಿ "ಬರ್ರಿ ಬರ್ರಿ, ಕುಂತ್ಕಳ್ರಿ" ಎಂದು ಸಂಭ್ರಮದ ಸ್ವಾಗತ. ನನ್ನ ಚಪ್ಪಲಿ ನೋಡಿದ್ದೇ, "ಏನ್ರಿ ಮೇಷ್ಟ್ರೇ ಕಾಲಿಗೆ? ಮನೇಲೇ ಡಾಕ್ಟ್ರಮ್ಮ ಅದಾಳೆ, ತೋರಿಸ್ಲಿಲ್ವ?" ಎಂದರು. "ಕಾರಲ್ಲಿ ಬರ್ತಾ ಎಲ್ಲಾ ವಿವರವಾಗಿ ಹೇಳಿದ್ಲು" ಎಂದೆ. ಮತ್ತೆ ನಿಜವೇ! ವೀಣಾ ಬಾಯಿ ತೆರೆಯುವಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ಬೇಡವೆಂದರೆ ಬೀಗರಾಗುವವರಿಗೆ ಅವಮಾನ. ತಿಂದರೆ ನನಗೆ. ನಾನು ಹಿರಿತನ ಮೆರೆದು ತಿಂದೆ. ಅಷ್ಟರಲ್ಲಿ ಒಳಗಿನಿಂದ ರುದ್ರಪ್ಪನವರ ತಾಯಿ ಗೋಡೆ ಹಿಡಿದುಕೊಂಡು ಬಂದು ವೀಣಾಳ ಪಕ್ಕ ಕೂತು, ಸೀರೆ ಸ್ವಲ್ಪ ಮೇಲಕ್ಕೆತ್ತಿ, "ನೋಡವ್ವ, ಈ ಮಂಡಿ. ಚಿತ್ರದುರ್ಗದ ಡಾಕ್ಟ್ರುಗಳೆಲ್ಲ ಕೈಚೆಲ್ಲಿದ್ರು. ನೀನು ಬರ್ತೀಯ ಅಂತ ಕಾಯ್ತಿದ್ದೆ" ಎಂದರು.

ವೀಣಾ ನನ್ನತ್ತ ನೋಡಿದಳು. ಅಕ್ಕ ನನ್ನತ್ತ ನೋಡಿದಳು. ಎಂದೂ ಮಾತಾಡದ ಭಾವ ಕೂಡ ನನ್ನತ್ತ ನೋಡಿದರು. ನಾನು ಒಂದು ಒಳ್ಳೆಯ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದೆ, ಖಂಡಿತ ಹೇಳುತ್ತಿದ್ದೆ. ಆದರೆ ನನ್ನ ಕರುಳಿನ ಜೀವಕೋಶಗಳು ಬೇರೆ ತೀರ್ಮಾನ ಮಾಡಿದ್ದವು. "ಒಂದು ನಿಮಿಷ" ಎಂದು ಎದ್ದವನು, ಹೆಬ್ಬೆರಳಿನ ನೋವನ್ನೂ ಮರೆತು, ಪೈಪುಗಳ ರಾಶಿ ದಾಟಿ ಹಿತ್ತಲಿನ ಕಡೆ ಓಡಿದೆ. ಓಡಿದೆ ಎನ್ನುವುದು ಒಗ್ಗರಣೆ. ಕುಂಟಿದೆ.

ಅಲ್ಲಿನ ಪುಟ್ಟ ಕಿಂಡಿಯಿಂದ ಪಡಸಾಲೆಯ ಮಾತು ಒಂದಕ್ಷರ ಬಿಡದೆ ಕೇಳುತ್ತಿತ್ತು.

"ಅಜ್ಜಿ, ನಾನು ರೋಗ ನೋಡೋ ಡಾಕ್ಟರ್ ಅಲ್ಲ" ಎಂದಳು ವೀಣಾ.

"ಮತ್ತೇನು ನೋಡ್ತೀಯವ್ವ?"

"ಮೀನಿನ ಚಿಪ್ಪಿನ ಮೇಲಿರೋ ಜೀವಕೋಶ ಹೇಗೆ ನಡೀತವೆ ಅಂತ ನೋಡ್ತೀನಿ."

"ಮೀನಾ!" ಎಂದದ್ದು ರುದ್ರಪ್ಪನವರ ಹೆಂಡತಿ. ಮೊಟ್ಟೆ ಕೂಡ ಹೊಸಿಲು ದಾಟದ ಮನೆ ಅದು. ಎದ್ದು ಹೋಗಿ ಮಾತು ಸರಿಪಡಿಸೋಣವೆಂದರೆ ನಾನು ಇದ್ದ ಜಾಗ ಹಾಗೆ ಬಿಟ್ಟು ಬರುವಂಥದ್ದಲ್ಲ. ಕಿಂಡಿಯಿಂದಲೇ ಕೂಗಿ ಹೇಳಲೇ ಎಂದುಕೊಂಡೆ. ಮಾನ ಅಡ್ಡ ಬಂತು. ಆಗ ಒಂದು ಹೊಸ ದನಿ ಕೇಳಿಸಿತು, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಮಂಜುನಾಥನದು. "ಅದಕ್ಕೆ ಯಾವ ಕಡೆ ಹೋಗ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ?"

ನಾನು ಕಾರಿನಲ್ಲಿ ಕೇಳಿದ್ದ ಪ್ರಶ್ನೆಗೆ ಹತ್ತಿರದ್ದೇ. ಆದರೆ ಅವಳು ಉತ್ತರಿಸಿದ ದನಿ ಕಾರಿನಲ್ಲಿ ನನಗೆ ಸಿಕ್ಕಿದ್ದಲ್ಲ.

ನಾನು ಮೈಕೈ ಸರಿಮಾಡಿಕೊಂಡು ಒಳಗೆ ಬರುವಾಗ ಅಜ್ಜಿಯ ಕೈಯಲ್ಲಿ ವೀಣಾಳ ಮೊಬೈಲು ಇತ್ತು. ಪರದೆಯ ಮೇಲೆ ಅರ್ಧಚಂದ್ರದಂಥ ಏನೋ ಒಂದು ಜಾರಿಕೊಂಡು ಹೋಗುತ್ತಿತ್ತು. "ಹೋಗ್ತಾ ಐತೆ ನೋಡ್ರೋ! ಕೈಯಿಲ್ಲ ಕಾಲಿಲ್ಲ, ನನಗಿಂತ ಚೆನ್ನಾಗಿ ಹೋಗ್ತಾ ಐತೆ!" ಎಂದರು ಅಜ್ಜಿ. "ಮೀನು ಸಾಯ್ತದೇನವ್ವ?" ಎಂದು ಕೇಳಿದರು. "ಇಲ್ಲಜ್ಜಿ, ಒಂದೆರಡು ಚಿಪ್ಪು ತೆಗೆದು ಮೀನನ್ನ ಮತ್ತೆ ತೊಟ್ಟಿಗೆ ಬಿಡ್ತೀವಿ. ಚಿಪ್ಪು ಮತ್ತೆ ಬೆಳೆಯುತ್ತೆ." ರುದ್ರಪ್ಪನವರು ಮಾತ್ರ ಎದೆಗೆ ಕೈಕಟ್ಟಿ ನಿಂತಿದ್ದರು. "ಏನ್ರಿ ಮೇಷ್ಟ್ರೇ, ಮೆಡಿಕಲ್ ಲೈನು ಅಂದಿದ್ರಿ?"

ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡೆ. ಹೊಟ್ಟೆ ಮತ್ತೆ ಗುಡುಗಿತು. "ಬಂದೆ" ಎಂದು ಮತ್ತೆ ಹಿತ್ತಲಿಗೆ ಹೊರಟೆ. ಅವರ ಕಣ್ಣಿಗೆ ಅದು ಹೇಗೆ ಕಂಡಿರಬಹುದೆಂದು ನಾನು ಇವತ್ತಿಗೂ ಯೋಚಿಸಲು ಹೋಗುವುದಿಲ್ಲ. ಈ ಸಲ ಕಿಂಡಿಯಿಂದ ಕೇಳಿದ್ದು ಇಷ್ಟು: ಮದುವೆಯಾದ ಮೇಲೂ ಇದೇ ಕೆಲಸವೇ ಎಂದು ಹುಡುಗನ ತಾಯಿ ಕೇಳಿದರು. ಹೌದು, ಇನ್ನೂ ಸ್ವಲ್ಪ ಕಾಲ ಮೈಸೂರಿನಲ್ಲೇ ಇರಬೇಕಾಗುತ್ತದೆ, ಬೇಡವೆಂದರೆ ಈಗಲೇ ಹೇಳಿಬಿಡಿ ಎಂದಳು ವೀಣಾ. ಆಮೇಲೆ ಮಂಜುನಾಥ, "ಹಿರಿಯೂರಿಂದ ಶನಿವಾರ ನಾನೇ ಬಸ್ ಹತ್ತಿದ್ರೆ ಆಯ್ತಲ್ಲ" ಎಂದ, ಸಂತೆಗೆ ಹೋಗಿ ಬರುವ ವಿಷಯ ಹೇಳಿದ ಹಾಗೆ.

ರುದ್ರಪ್ಪನವರು "ಯೋಚ್ನೆ ಮಾಡಿ ಹೇಳ್ತೀವಿ" ಎಂದರು. ಮದುವೆ ಮಾತಿನಲ್ಲಿ ಅದರ ಅರ್ಥ ಏನೆಂದು ನನ್ನಂಥ ಅನುಭವಿಗೆ ಹೇಳಬೇಕಾಗಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ವೀಣಾ ಕಿಟಕಿ ಕಡೆ ಮುಖ ಮಾಡಿದ್ದಳು. ಹೊಸದುರ್ಗ ಬಂದಾಗ ಭಾವ ಹಿಂದಕ್ಕೆ ತಿರುಗಿ, "ಮಾತ್ರೆ ಸಾಕು ಮಾಡು" ಎಂದರು. ಆ ದಿನ ಅವರಾಡಿದ ಮಾತು ಅದೊಂದೇ. ಮಾತ್ರೆಯನ್ನಷ್ಟೇ ಹೇಳಿದರೋ, ಇನ್ನೇನನ್ನಾದರೂ ಸೇರಿಸಿ ಹೇಳಿದರೋ ಗೊತ್ತಾಗಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅಕ್ಕನ ಫೋನು. ರುದ್ರಪ್ಪನವರು ಒಪ್ಪಿದ್ದಾರೆ! "ಹುಡುಗಿ ಇದ್ದದ್ದು ಇದ್ದಂಗೆ ಹೇಳಿದ್ಲು, ಅದು ನಮಗೆ ಬೇಕು. ಅಜ್ಜಿ ಅಂತೂ ಆ ಮೀನಿಂದು ಮತ್ತೆ ನೋಡ್ಬೇಕು ಅಂತ ಕುಂತೈತೆ. ಆದ್ರೆ ಒಂದು ಷರತ್ತು ಐತೆ" ಎಂದರಂತೆ. ಷರತ್ತು ಎಂದ ಕೂಡಲೇ ಅಕ್ಕ, ಕಾರೋ ಬಂಗಾರವೋ ಎಂದು ಎದೆ ಹಿಡಿದುಕೊಂಡಿದ್ದಾಳೆ. ಅವರು ಹೇಳಿದ್ದು, "ಮುಂದಿನ ಮಾತುಕತೆಗೆ ಆ ಸೋದರಮಾವನ್ನ ಕರ್ಕಂಡು ಬರ್ಬ್ಯಾಡ್ರಿ."

ನಾನು ಇದನ್ನು ದೊಡ್ಡ ಮನಸ್ಸಿನಿಂದ ಸ್ವೀಕರಿಸಿದ್ದೇನೆ. ಬೆರಳು ವಾಸಿಯಾಗಿ ಬಹಳ ದಿನವಾಯಿತು. ಆದರೆ ಸ್ಟಾಫ್ ರೂಮಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ಏನ್ಸಾರ್, ಅಕ್ಕನ ಮಗಳ ಮದುವೆ ಮಾತಿಗೆ ನೀವೇ ಹೋಗ್ಲಿಲ್ವಂತೆ?" ಎಂದು ಕೇಳಿದಾಗ ಏನಾದರೂ ಹೇಳಬೇಕಲ್ಲ. "ಎಲ್ಲಿ ಹೋಗ್ಲಪ್ಪ, ಈ ಕಾಲು ನೋಡು" ಎಂದು ನಿಟ್ಟುಸಿರಿಟ್ಟು ನಾಲ್ಕು ಹೆಜ್ಜೆ ಕುಂಟಿ ತೋರಿಸುತ್ತೇನೆ. ಮೊನ್ನೆ ಸಂತೆಯಲ್ಲೂ ಒಬ್ಬರ ಮುಂದೆ ಹಾಗೇ ಕುಂಟಿದೆ. ಅವರು ಅಯ್ಯೋ ಪಾಪ ಎಂದು ಮುಂದೆ ಹೋದ ಮೇಲೆ, ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಗಿರಿಜ ಮೆಲ್ಲಗೆ ಹೇಳಿದಳು:

"ಬಲಗಾಲು ರೀ. ನೀವು ಎಡಗಾಲು ಕುಂಟ್ತಾ ಇದ್ದೀರಿ."